ಲೋಡಿಂಗ್ ಮೂರು ಗಂಟೆ ನಿಂತರೆ ‘ಹ್ಯಾವಕ್’ ಎನ್ನಬೇಡಿ

ಕೋಲಾರದ ಎಪಿಎಂಸಿಯಲ್ಲಿ ಹರಾಜು ಮುಗಿಯುವ ಹೊತ್ತಿಗೆ ಮಳೆ ಹೊಡೆಯಿತು, 15 ಕೆ.ಜಿ.ಯ ಟೊಮೆಟೊ ಬಾಕ್ಸ್‌ಗಳು ಟಾರ್ಪಾಲಿನಡಿ ಉಳಿದವು, ಲಾರಿ ಮೂರು ಗಂಟೆ ತಡವಾಗಿ ಹೊರಟಿತು ಎಂದುಕೊಳ್ಳಿ. ದೆಹಲಿಯ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಹಾಕಬೇಕು. ‘ರೇನ್ ಕಾಸ್ಡ್ ಹ್ಯಾವಕ್’ ಎಂದರೆ ಮಾಲೇ ಹಾಳಾಯಿತೆಂದು ತಿಳಿದು ಅವರು ಬೇರೆ ಮಂಡಿಗೆ ಫೋನ್ ಮಾಡುತ್ತಾರೆ. ‘ರೇನ್ ಡಿಸ್‌ರಪ್ಟೆಡ್ ಲೋಡಿಂಗ್ ಫಾರ್ ತ್ರೀ ಅವರ್ಸ್’ ಎಂದರೆ ಕಾಯುತ್ತಾರೆ. ದಿಢೀರ್ ಏರುಪೇರನ್ನು ಹೇಳುವ ಇಂಗ್ಲಿಷ್ ಪದಗಳು ನಷ್ಟದ ಅಳತೆಯನ್ನೂ ಹೇಳಿಬಿಡುತ್ತವೆ. ಓದಿದವರು ಆ ಅಳತೆ ನಂಬಿಯೇ ಮುಂದಿನ ಹೆಜ್ಜೆ ಇಡುತ್ತಾರೆ.

ಮೊದಲು, ಕೆಟ್ಟದ್ದು ಏನು ಎಂದು ನೋಡಿ. ನಿದ್ದೆ, ನೆಮ್ಮದಿ, ಓದಿನ ಗಮನ ಕೆಟ್ಟರೆ ‘ಡಿಸ್ಟರ್ಬ್’. ಮಾತೋ ಕೆಲಸವೋ ನಡುವೆ ತುಂಡಾದರೆ ‘ಇಂಟರಪ್ಟ್’. ಒಂದಕ್ಕೊಂದು ಹೆಣೆದುಕೊಂಡು ನಡೆಯುವ ವ್ಯವಸ್ಥೆ, ಅಂದರೆ ರೈಲು, ನೀರು, ಸರಕು ಪೂರೈಕೆ, ಲಯ ತಪ್ಪಿದರೆ ‘ಡಿಸ್‌ರಪ್ಟ್’. ತುಮಕೂರು–ಬೆಂಗಳೂರು ರೈಲುಗಳು ಹಿಂದುಮುಂದಾದರೆ ‘ಟ್ರೇನ್ ಸರ್ವೀಸಸ್ ವರ್ ಡಿಸ್‌ರಪ್ಟೆಡ್’. ಇಲ್ಲಿ ‘ಡಿಸ್ಟರ್ಬ್ಡ್’ ಎಂದು ಬರೆಯುವುದು ನಮ್ಮಲ್ಲಿ ತೀರಾ ಸಾಮಾನ್ಯ ತಪ್ಪು, ಏಕೆಂದರೆ ಕನ್ನಡದ ಮಾತಿನಲ್ಲಿ ಎಲ್ಲ ತೊಂದರೆಗೂ ‘ಡಿಸ್ಟರ್ಬ್’ ಎಂದೇ ರೂಢಿ. ಕರೆಂಟಿಗೆ ಮಾತ್ರ ಎರಡು ಪದ ನಡೆಯುತ್ತವೆ: ಅರ್ಧ ಗಂಟೆ ಹೋಗಿ ಬಂದರೆ ‘ಇಂಟರಪ್ಶನ್’, ದಿನವಿಡೀ ಕಣ್ಣಾಮುಚ್ಚಾಲೆ ಆಡಿದರೆ ‘ಡಿಸ್‌ರಪ್ಶನ್’.

ಎರಡನೆಯದು, ಪೂರ್ತಿ ನಿಂತಿತೋ, ಬರೀ ನಿಧಾನವಾಯಿತೋ? ಚಿಕ್ಕಬಳ್ಳಾಪುರದ ಬಳಿ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿ ಮಗುಚಿ ಒಂದೇ ಪಥದಲ್ಲಿ ಗಾಡಿಗಳು ತೆವಳುತ್ತಿದ್ದರೆ ‘ಟ್ರಾಫಿಕ್ ಸ್ಲೋಡ್ ಟು ಎ ಕ್ರಾಲ್’. ಒಂದು ಚಕ್ರವೂ ಉರುಳದಿದ್ದರೆ ಮಾತ್ರ ‘ಕೇಮ್ ಟು ಎ ಸ್ಟ್ಯಾಂಡ್‌ಸ್ಟಿಲ್’. ನಿಲ್ಲಿಸಿದ್ದು ಯಾರು, ಏನು ಎಂದು ಹೇಳುವುದಾದರೆ ‘ಕೇಮ್’ ಬದಲು ‘ಬ್ರಾಟ್’: ‘ದ ಪ್ರೊಟೆಸ್ಟ್ ಬ್ರಾಟ್ ಟ್ರಾಫಿಕ್ ಟು ಎ ಸ್ಟ್ಯಾಂಡ್‌ಸ್ಟಿಲ್’.

ಗೊಂದಲವನ್ನು ಹೇಳುವ ಪದಗಳನ್ನು ಬೇಗ ಮುಗಿಸಬಹುದು. ಕಣ್ಣಿಗೆ ಕಾಣುವ ಗಲಿಬಿಲಿ ‘ಕೇಯಾಸ್’, ಯೋಜನೆ ಚೆಲ್ಲಾಪಿಲ್ಲಿಯಾದರೆ ‘ಡಿಸ್‌ಅರೇ’, ಮನಸ್ಸು, ರಾಜಕೀಯ, ಷೇರುಪೇಟೆ ಕಲಕಿದರೆ ‘ಟರ್ಮಾಯಿಲ್’. ‘ಎ ಕೇಯಾಸ್’, ‘ಎ ಹ್ಯಾವಕ್’ ಎರಡೂ ತಪ್ಪು. ಇವು ಎಣಿಸುವ ಪದಗಳಲ್ಲ.

ಮೂರನೆಯದು, ಆಯಾ ಪದಕ್ಕೆ ಜೋಡಿಯಾಗಿ ಬರುವ ಕ್ರಿಯಾಪದ. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಹ್ಯಾವಕ್’ ಜೊತೆ ಬರುವ ‘ರೀಕ್’ ಬರೆಯುವಾಗ ಮೊದಲು ಡಬ್ಲ್ಯೂ ಇದೆ, ಉಚ್ಚಾರದಲ್ಲಿ ಇಲ್ಲ. ಭೂತಕಾಲ ‘ರೀಕ್ಟ್’. ಹಡಗೊಡೆಯುವ ‘ರೆಕ್’ ಬೇರೆಯೇ ಕ್ರಿಯಾಪದ. ಅದರ ‘ರೆಕ್ಡ್’ ಇಲ್ಲಿ ನುಸುಳಬಾರದು. ‘ದ ಹೇಲ್‌ಸ್ಟಾರ್ಮ್ ರೀಕ್ಟ್ ಹ್ಯಾವಕ್ ಆನ್ ದ ವೈನ್‌ಯಾರ್ಡ್ಸ್’ ಸರಿ. ‘ಪ್ಲೇ’ ಬಂದರೆ ‘ಹ್ಯಾವಕ್’ ಆದ ಮೇಲೆ ‘ವಿತ್’ ಬರಬೇಕು: ‘ಪ್ಲೇಡ್ ಹ್ಯಾವಕ್ ವಿತ್ ದ ಕ್ರಾಪ್’. ಬೆಂಕಿ, ಗಲಭೆ, ರೋಗ ತಾನಾಗಿ ‘ಬ್ರೋಕ್ ಔಟ್’ ಆಗುತ್ತದೆ. ‘ಫೈರ್ ವಾಸ್ ಬ್ರೋಕನ್ ಔಟ್’ ಎಂಬ ಪ್ರಯೋಗವೇ ಇಲ್ಲ. ‘ಜನಜೀವನ ಅಸ್ತವ್ಯಸ್ತ’ ಎಂಬ ನಮ್ಮ ಸವೆದ ತಲೆಬರಹಕ್ಕೆ ಭಾರತದ ಇಂಗ್ಲಿಷ್ ಪತ್ರಿಕೆಗಳು ‘ಥ್ರೋನ್ ಔಟ್ ಆಫ್ ಗೇರ್’ ಎನ್ನುತ್ತವೆ. ಅದೂ ಅಷ್ಟೇ ಸವೆದಿದೆ. ‘ಡಿಸ್‌ರಪ್ಟೆಡ್ ಡೈಲಿ ಲೈಫ್’ ಸಾಕು.

ಇನ್ನು ‘ಅಪ್‌ಹೀವಲ್’. ‘ಹೀವ್’ ಎಂದರೆ ಭಾರವಾದದ್ದನ್ನು ಎತ್ತುವುದು; ನೆಲವೇ ಮೇಲೆದ್ದಂತೆ ಬದುಕು ಬುಡಮೇಲಾದಾಗ ಈ ಪದ. ಮರುದಿನ ಸರಿಹೋಗುವ ಅಡಚಣೆಗೆ ಇದು ಬೇಡ. 2001ರ ಫೆಬ್ರುವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು ಅಲ್ಲಿನ ಕಾರ್ಮಿಕ ಕಾಲೊನಿಗಳಿಗೆ ‘ಅಪ್‌ಹೀವಲ್’: ಕೆಲಸ ಹೋಯಿತು, ಎಷ್ಟೋ ಜನ ನಸುಕಿನಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುವಂತಾಯಿತು. ಆದರೆ ಅದನ್ನು ‘ಬೋಲ್ಟ್ ಫ್ರಮ್ ದ ಬ್ಲೂ’ ಎಂದರೆ ತಪ್ಪಾಗುತ್ತದೆ. ಗಣಿ ನಷ್ಟದಲ್ಲಿರುವುದು ವರ್ಷಗಳಿಂದ ಗೊತ್ತಿತ್ತು. ಆ ಮಾತು, ನಮ್ಮ ಬರಸಿಡಿಲಿನ ಹಾಗೆ, ಸುಳಿವೇ ಇಲ್ಲದೆ ಎರಗಿದ ಸುದ್ದಿಗೆ ಮೀಸಲು. ಪೆಟ್ಟು ದೊಡ್ಡದಾದ ಮಾತ್ರಕ್ಕೆ ದಿಢೀರ್ ಆಗಬೇಕಿಲ್ಲ. ‘ಸಡನ್ ಅಪ್‌ಹೀವಲ್’ ಎಂದು ಬೇಕಾದಾಗಷ್ಟೇ ಸೇರಿಸಿ. ‘ಸಡನ್ ಬೋಲ್ಟ್ ಫ್ರಮ್ ದ ಬ್ಲೂ’ ಮಾತ್ರ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ.

ಬ್ಯಾಂಕಿಗೋ ವಿಮಾ ಕಂಪನಿಗೋ ಬರೆಯುವ ಪತ್ರದಲ್ಲಿ ಈ ಯಾವ ದೊಡ್ಡ ಪದವೂ ಕೆಲಸಕ್ಕೆ ಬರುವುದಿಲ್ಲ. ‘ಡ್ಯಾಮೇಜ್ಡ್’ ಎಂದು ಬರೆದು ದಿನಾಂಕ, ಬೆಳೆ, ಎಕರೆ, ಬಾಕ್ಸಿನ ಲೆಕ್ಕ ಕೊಡಿ. ‘ಡ್ಯಾಮೇಜಸ್’ ಎಂದು ಬಹುವಚನ ಮಾಡಬೇಡಿ. ಕಾನೂನಿನಲ್ಲಿ ಅದಕ್ಕೆ ನಷ್ಟ ಪರಿಹಾರದ ಹಣ ಎಂದರ್ಥ.