ಡಾಕ್ಸ್ ಕಡತ ಹಳೆಯ ವರ್ಡ್‌ನಲ್ಲಿ ತೆರೆಯದಿದ್ದಾಗ: ನನ್ನ ಅನುಭವ

ನಾನು ಡಾಕ್ಸ್ (.docx, ಹೊಸ ವರ್ಡ್‌ನ ಕಡತ ರೂಪ) ಆಗಿ ಕಳುಹಿಸಿದ ಹನ್ನೆರಡು ಪುಟಗಳ ವರದಿಯನ್ನು ಗೆಳೆಯ ತನ್ನ ವರ್ಡ್ 2003ರಲ್ಲಿ ತೆರೆದಾಗ ಕಂಡದ್ದು ಬರೀ ಚೌಕಗಳು, ಚಿತ್ರವಿಚಿತ್ರ ಚಿಹ್ನೆಗಳು. ಎಲ್ಲಕ್ಕಿಂತ ಮೊದಲು ‘ಪಿಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರ. ಕಡತ ಕೆಟ್ಟಿರಬೇಕೆಂದು ಎರಡು ಸಲ ಮತ್ತೆ ಕಳುಹಿಸಿದೆ. ಹೆಸರಿನ ಕೊನೆಯ ‘ಎಕ್ಸ್’ ಅಳಿಸಿಯೂ ನೋಡಿದೆ. ಅಂಗಿ ಬದಲಿಸಿದರೆ ಆಳು ಬದಲಾಗುತ್ತಾನೆಯೇ?

ಸುಳಿವು ಆ ‘ಪಿಕೆ’ಯಲ್ಲೇ ಇತ್ತು. ಅದು ಜಿಪ್ ಕಡತಗಳ, ಅಂದರೆ ಹಲವು ಕಡತಗಳನ್ನು ಕುಗ್ಗಿಸಿ ಒಂದಾಗಿ ಕಟ್ಟಿದ ಗಂಟುಗಳ ಗುರುತು, ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವರ್ಡ್ 2007ರೊಂದಿಗೆ ಬಂದ ಡಾಕ್ಸ್ ನಿಜಕ್ಕೂ ಒಂದು ಜಿಪ್ ಗಂಟು. ನಕಲು ಪ್ರತಿಯ ಹೆಸರಿನ ಕೊನೆಯ .docx ಬದಲು .zip ಎಂದಿಟ್ಟು ಬಿಚ್ಚಿದರೆ ಪಠ್ಯವನ್ನು ಗುರುತುಪದಗಳೊಂದಿಗೆ ಇಡುವ ಎಕ್ಸ್‌ಎಂಎಲ್ ಕಡತ ಒಂದೆಡೆ, ಚಿತ್ರಗಳು ಇನ್ನೊಂದೆಡೆ ಸಿಗುತ್ತವೆ. ಹಳೆಯ ವರ್ಡ್‌ನ ಡಾಕ್ (.doc) ಬೈನರಿ ರೂಪದ್ದು, ಅಂದರೆ ನಾವು ನೇರವಾಗಿ ಓದಲಾಗದ ಸಂಕೇತಗಳದ್ದು, ಬೇರೆಯದೇ ಜಾತಿ.

ಕೊನೆಗೆ ‘ಸೇವ್ ಆ್ಯಸ್’ನಲ್ಲಿ ‘ವರ್ಡ್ 97-2003 ಡಾಕ್ಯುಮೆಂಟ್’ ಆರಿಸಿ ಕಳುಹಿಸಿದೆ, ತೆರೆಯಿತು. ಆದರೆ ಸಮೀಕರಣಗಳೆಲ್ಲ ಚಿತ್ರಗಳಾಗಿ, ತಿದ್ದಲು ಬಾರದಂತಾಗಿದ್ದವು. ಈಗ ಮೊದಲೇ ‘ಚೆಕ್ ಕಂಪ್ಯಾಟಿಬಿಲಿಟಿ’ ಒತ್ತಿ ಏನೇನು ಕಳೆದುಹೋಗುತ್ತದೆ ಎಂದು ನೋಡಿಕೊಳ್ಳುತ್ತೇನೆ. ಮೂಲ ಡಾಕ್ಸ್ ಪ್ರತಿಯನ್ನು ಮುಟ್ಟುವುದಿಲ್ಲ. ಬರೀ ಓದುವುದಕ್ಕಾದರೆ ಪಿಡಿಎಫ್ ಕಳುಹಿಸಿ ಸುಮ್ಮನಾಗುತ್ತೇನೆ.