ಹಳೇ ನುಡಿ ಫೈಲಿನಿಂದ ಹೊಸ ಲಗ್ನಪತ್ರಿಕೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಲಗ್ನಪತ್ರಿಕೆ ಮಾಡುತ್ತಾ ಪುಟವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್ ಕಲಿತವಳು ನಾನು. ಈಗ ಅದರ ಜಾಗದಲ್ಲಿ ಇನ್‌ಡಿಸೈನ್, ಜೊತೆಗೆ ಎಐ. ಆದರೂ ಗಿರಾಕಿಗಳು ಕೇಳುವುದು ‘ಅಕ್ಕನ ಮದುವೆಯದೇ ಮ್ಯಾಟರ್ ಹಾಕಿ’ ಅಂತಲೇ.

ಆ ಮ್ಯಾಟರ್ ಇರುವುದು ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟ್ ನುಡಿಯಲ್ಲಿ. ಅದನ್ನು ಹಾಗೇ ಪೇಸ್ಟ್ ಮಾಡಿದರೆ ಇಂಗ್ಲಿಷ್ ಗೀಚು ಕಾಣುತ್ತದೆ. ಮೊದಲು ಕನ್ವರ್ಟರಿನಲ್ಲಿ ಯೂನಿಕೋಡ್ (ಎಲ್ಲ ಕಡೆ ಓದಲು ಬರುವ ಅಕ್ಷರ ಸಂಕೇತ) ಮಾಡಿಕೊಳ್ಳಿ. ಅರ್ಕಾವತ್ತು, ಒತ್ತಕ್ಷರ, ಅಂಕಿ ಎಲ್ಲ ಓದಿ ನೋಡಿ. ಮುಹೂರ್ತದ ಸಮಯವಂತೂ ಎರಡು ಸಲ. ಇನ್‌ಡಿಸೈನಿನಲ್ಲಿ ಒತ್ತು ಬಿಡಿಬಿಡಿಯಾದರೆ ಸುಮ್ನೆ ಫಾಂಟನ್ನು ಬೈಯಬೇಡಿ. ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ.

ಅಡಿಕೆ ಸಿಂಗಾರದ ಚಿತ್ರ ಬೇಕಾದರೆ ಎಐ ಕೈಲಿ ಮಾಡಿಸಿ. ಅಕ್ಷರ ಮಾತ್ರ ನೀವೇ ಕೂರಿಸಿ. ಇಲ್ಲದಿದ್ದರೆ ಮದುಮಗಳ ಹೆಸರೇ ಬದಲಾದೀತು! ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇದೆಯಾ ನೋಡಿ, ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣಕ್ಕೆ ಬದಲಿಸಿ, ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕೊಡಿ.