ಎಳೆಯನೋ, ಹಳಬನೋ: ಹ್ಯಾಟ್ರಿಕ್‌ನಲ್ಲಿ ಆಟಗಾರನನ್ನು ಕೊಳ್ಳುವ ಮುನ್ನ

1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಹ್ಯಾಟ್ರಿಕ್ ಎಂಬ ಫುಟ್‌ಬಾಲ್ ಮ್ಯಾನೇಜರ್ ಆಟಕ್ಕೆ (ಇಲ್ಲಿ ನೀವು ಚೆಂಡು ಒದೆಯುವುದಿಲ್ಲ, ತಂಡ ನಡೆಸುತ್ತೀರಿ) ಒಳ್ಳೆಯ ಕಂಪ್ಯೂಟರೂ ಬೇಡ, ವೇಗದ ಇಂಟರ್ನೆಟ್ಟೂ ಬೇಡ. ಬ್ರೌಸರಿನಲ್ಲೇ ನಡೆಯುತ್ತದೆ, ವಾರಾಂತ್ಯಕ್ಕೊಂದು ಲೀಗ್ ಪಂದ್ಯ, ವಾರದ ನಡುವೆ ಕಪ್ ಅಥವಾ ಸ್ನೇಹಪಂದ್ಯ, ಅಷ್ಟೇ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಗೆ ಈ ನಿಧಾನದ ಆಟ ಚೆನ್ನಾಗಿ ಹೊಂದುತ್ತದೆ. ಆದರೆ ಹೊಸಬರು ತಂಡದ ಕೈಯಲ್ಲಿದ್ದ ಆಟದ ಹಣವನ್ನೆಲ್ಲ ಮೊದಲ ತಿಂಗಳಲ್ಲೇ ತಪ್ಪು ವಯಸ್ಸಿನ ಆಟಗಾರರ ಮೇಲೆ ಸುರಿದುಬಿಡುತ್ತಾರೆ.

ಮೊದಲು ತರಬೇತಿಯ ಜಾಗ ಎಣಿಸಿ

ಆಟಗಾರನ ವಯಸ್ಸು ನೋಡುವುದಕ್ಕಿಂತ ಮೊದಲು ನಿಮ್ಮ ತಂಡ ಏನನ್ನು ಕಲಿಸುತ್ತಿದೆ ಎಂದು ನೋಡಿಕೊಳ್ಳಿ. ಹ್ಯಾಟ್ರಿಕ್‌ನಲ್ಲಿ ಒಂದು ಸಲಕ್ಕೆ ಒಂದೇ ಕೌಶಲಕ್ಕೆ ತರಬೇತಿ. ಅದೂ ಆ ಕೌಶಲಕ್ಕೆ ಗೊತ್ತಾದ ಜಾಗದಲ್ಲಿ ನಿಂತು ಪಂದ್ಯ ಆಡಿದವನಿಗೆ ಮಾತ್ರ. ಪ್ಲೇಮೇಕಿಂಗ್, ಅಂದರೆ ನಡುವಿನಿಂದ ಆಟ ಕಟ್ಟುವ ಕೌಶಲ, ಕಲಿಸುತ್ತಿದ್ದರೆ ನಡು ಮೈದಾನದ ಮೂವರಿಗೆ ಪೂರ್ತಿ ತರಬೇತಿ, ಅಂಚಿನಲ್ಲಿ ಆಡುವ ವಿಂಗರ್‌ಗಳಿಗೆ ಅರ್ಧ. ವಾರಕ್ಕೆ ಎರಡು ಪಂದ್ಯ, ಒಂದೊಂದರಲ್ಲಿ ಬೇರೆ ಬೇರೆ ಮೂವರು ಎಂದರೆ ಪೂರ್ತಿ ಕಲಿಯುವವರು ಆರು ಮಂದಿ. ಡಿಫೆಂಡಿಂಗ್‌ಗೆ ಐದೈದರಂತೆ ಹತ್ತು. ಗೋಲ್‌ಕೀಪಿಂಗ್‌ಗೆ ಬರೀ ಇಬ್ಬರು.

ಎಳೆಯರನ್ನು ಈ ಜಾಗಗಳಿಗೆ ಮಾತ್ರ ಕೊಳ್ಳಿ. ಪ್ಲೇಮೇಕಿಂಗ್ ಕಲಿಸುವ ತಂಡದಲ್ಲಿ 18ರ ಸ್ಟ್ರೈಕರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅವನ ಸ್ಕೋರಿಂಗ್ ಬೆಳೆಯುವುದಿಲ್ಲ; ಸಂಬಳ ತಿಂದುಕೊಂಡು ವಯಸ್ಸು ಕಳೆಯುತ್ತಾನೆ. ಅಂಥ ಜಾಗಕ್ಕೆ ಬೇಕಾದವನು 29–31ರ ಹಳಬ. ಹಳೆ ಅಡಿಕೆ ತೋಟದಲ್ಲಿ ಫಸಲು ಕೊಡುವ ಮರ ಉಳಿಸಿಕೊಂಡೇ ಬೆಳಕು ಬೀಳುವ ಕಡೆ ಸಸಿ ನೆಡುತ್ತೀರಲ್ಲ, ಲೆಕ್ಕ ಅದೇ. ಗೋಲ್‌ಕೀಪರ್ ವಿಷಯದಲ್ಲಂತೂ ಬಹುತೇಕ ತಂಡಗಳಿಗೆ ಹಳಬನೇ ಸರಿ: ಇಬ್ಬರಿಗಾಗಿ ಇಡೀ ತಂಡದ ತರಬೇತಿಯನ್ನು ಮೀಸಲಿಡುವುದು ಹೊಸ ತಂಡಕ್ಕೆ ಕೈಲಾಗದ ಮಾತು.

ಎಳೆಯನನ್ನು ಆರಿಸುವಾಗ

ವರ್ಷದ ಜೊತೆ ದಿನವನ್ನೂ ಓದಿ. ಇಲ್ಲಿ ಆಟಗಾರನ ಒಂದು ವರ್ಷ ಎಂದರೆ 112 ದಿನ, ಅಂದರೆ 16 ವಾರದ ಒಂದು ಸೀಸನ್. 17 ವರ್ಷ 5 ದಿನದ ಹುಡುಗನಿಗೆ 18 ತುಂಬಲು ಇನ್ನೂ 107 ದಿನ, ಹದಿನೈದು ವಾರದ ತರಬೇತಿ. 17 ವರ್ಷ 100 ದಿನದವನಿಗೆ ಉಳಿದಿರುವುದು 12 ದಿನ. ಪಟ್ಟಿಯಲ್ಲಿ ಇಬ್ಬರೂ ‘17’. ವಯಸ್ಸು ಏರಿದಂತೆ ಕಲಿಕೆ ನಿಧಾನವಾಗುತ್ತದೆ, ಕೌಶಲ ಮೇಲೇರಿದಂತೆ ಇನ್ನೂ ನಿಧಾನ. ಹೀಗಾಗಿ ಈ ವಾರಗಳಿಗೇ ನೀವು ದುಡ್ಡು ಕೊಡುತ್ತಿರುವುದು.

ಆಮೇಲೆ ಎರಡನೆಯ ಕೌಶಲ ನೋಡಿ. ಮಿಡ್‌ಫೀಲ್ಡರ್‌ಗೆ ಪ್ಲೇಮೇಕಿಂಗ್ ಜೊತೆ ಪಾಸಿಂಗ್ ಅಥವಾ ಡಿಫೆಂಡಿಂಗ್ ಸುಮಾರಾಗಿ ಇದ್ದರೂ ಮಾರುವಾಗ ಬೆಲೆ ಎದ್ದು ಕಾಣುತ್ತದೆ. ವೇಗ, ಬಲ, ಹೆಡಿಂಗ್‌ನಂಥ ವಿಶೇಷ ಗುಣವನ್ನು ತರಬೇತಿಯಿಂದ ತರಿಸಲು ಬರುವುದಿಲ್ಲ, ಇದ್ದವನನ್ನೇ ಆರಿಸಬೇಕು.

ಕೊಂಡ ಮೇಲೆ ವಾರಕ್ಕೆ 90 ನಿಮಿಷ ಆಡಿಸದಿದ್ದರೆ ಎಲ್ಲವೂ ದಂಡ. 30ನೇ ನಿಮಿಷಕ್ಕೆ ಗಾಯಗೊಂಡು ಹೊರಬಂದವನಿಗೆ ಅಷ್ಟೇ ನಿಮಿಷದ ತರಬೇತಿ. ಕಪ್‌ನಿಂದ ಹೊರಬಿದ್ದ ವಾರ ಸ್ನೇಹಪಂದ್ಯ ಗೊತ್ತುಮಾಡಲು ಮರೆತರೆ ಅರ್ಧ ಹುಡುಗರು ಖಾಲಿ ಕೂರುತ್ತಾರೆ. ಇನ್ನು ಎರಡು ಪಂದ್ಯ ಸೋತ ಕೂಡಲೇ ಕಲಿಸುವ ಕೌಶಲವನ್ನೇ ಬದಲಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧಂಬರ್ಧ ಕಲಿತ ಹುಡುಗ ಮೈದಾನಕ್ಕೂ ಸಲ್ಲುವುದಿಲ್ಲ, ಹರಾಜಿಗೂ ಸಲ್ಲುವುದಿಲ್ಲ.

ಹಳಬನ ನಿಜವಾದ ಬೆಲೆ

ಹಳಬ ಅಗ್ಗ ಎನ್ನುವುದು ಪೂರ್ತಿ ನಿಜವಲ್ಲ. 31ರ ಡಿಫೆಂಡರ್ ಒಬ್ಬನನ್ನು 2 ಲಕ್ಷಕ್ಕೆ ಕೊಂಡಿರಿ, ವಾರದ ಸಂಬಳ 6 ಸಾವಿರ ಎಂದಿಟ್ಟುಕೊಳ್ಳಿ. ಒಂದು ಸೀಸನ್ ಆಡಿಸಿ ಮಾರಿದಾಗ ಕೈಗೆ ಬಂದದ್ದು 60 ಸಾವಿರ. ಹೋದದ್ದು 1,40,000, ಸಂಬಳ 96,000, ಒಟ್ಟು 2,36,000. 16 ವಾರಕ್ಕೆ ಹಂಚಿದರೆ ವಾರಕ್ಕೆ 14,750. ಈ ಅಂಕಿಯನ್ನು ನಿಮ್ಮ ವಾರದ ಆದಾಯದ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ತೀರ್ಮಾನಿಸಿ.

ಕಣ್ಣಿಗೆ ಬೀಳದ ಖರ್ಚು ಇನ್ನೊಂದಿದೆ. ಹಳಬರ ದಮ್ಮು ಬೇಗ ಕುಗ್ಗುತ್ತದೆ. ಅದನ್ನು ಉಳಿಸಿಕೊಳ್ಳಲು ತರಬೇತಿಯಲ್ಲಿ ಸ್ಟ್ಯಾಮಿನಾದ ಪಾಲು ಏರಿಸಬೇಕು, ಏರಿಸಿದಷ್ಟೂ ಹುಡುಗರ ಕಲಿಕೆಗೆ ಕತ್ತರಿ. ಮೂವತ್ತರ ಆಚೆ ಕೌಶಲವೂ ಇಳಿಯುತ್ತದೆ, ಗಾಯ ಮಾಯಲು ಹೆಚ್ಚು ವಾರ ಬೇಕು. ಹೀಗಾಗಿ ಹನ್ನೊಂದರಲ್ಲಿ ಹಳಬರು ನಾಲ್ಕೈದು ಮಂದಿ ಮೀರದಿರುವುದು ಒಳ್ಳೆಯದು ಎನ್ನುವುದು ನಮ್ಮ ಅಭಿಪ್ರಾಯ.

ಹಳಬನಿಂದ ಸಿಗುವುದು ಅನುಭವ. ಅದು ಪಂದ್ಯ ಆಡಿಯೇ ಬರಬೇಕು. ಲೀಗ್ ಪಂದ್ಯದಲ್ಲಿ ಸಿಗುವಷ್ಟು ಸ್ನೇಹಪಂದ್ಯದಲ್ಲಿ ಸಿಗುವುದಿಲ್ಲ. ನಾಯಕನ ಅನುಭವಕ್ಕೆ ತಂಡದ ಲೆಕ್ಕದಲ್ಲಿ ಹೆಚ್ಚು ತೂಕ. ಆದ್ದರಿಂದ ಕೊಳ್ಳುವ ಹಳಬರಲ್ಲಿ ಒಬ್ಬನಾದರೂ ನಾಯಕತ್ವ ಗುಣ ಚೆನ್ನಾಗಿರುವವನಾಗಿರಲಿ.

ಹರಾಜಿನ ಹೊತ್ತು

ಆಟಗಾರ ಮೂರು ದಿನ ಹರಾಜಿನಲ್ಲಿರುತ್ತಾನೆ. ಆಟದ ಗಡಿಯಾರ ಸ್ವೀಡನ್ನಿನದು. ನಾವು ಬೇಸಿಗೆ-ಮಳೆಗಾಲದಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿರುತ್ತೇವೆ. ಜುಲೈನಲ್ಲಿ 16:40 ಎಂದು ಕಂಡರೆ ನಮಗದು ರಾತ್ರಿ 8:10. ಕೊನೆಯ ಮೂರು ನಿಮಿಷದಲ್ಲಿ ಯಾರಾದರೂ ಬಿಡ್ ಹಾಕಿದರೆ ಗಡುವು ಮುಂದಕ್ಕೆ ಹೋಗುತ್ತದೆ. ಸರಿಯಾಗಿ ಆ ಹೊತ್ತಿಗೇ ಕರೆಂಟ್ ಹೋಗಿ, ಟವರೂ ಸತ್ತರೆ ಮುಗಿಯಿತು. ಆದ್ದರಿಂದ ಸಂಜೆಯೇ ನಿಮ್ಮ ಗರಿಷ್ಠ ಮೊತ್ತ ನಮೂದಿಸಿಡಿ. ಉಳಿದದ್ದನ್ನು ಆಟವೇ ನೋಡಿಕೊಳ್ಳುತ್ತದೆ.

ಸಂಬಳ ಹೊಸದಾಗಿ ಲೆಕ್ಕವಾಗುವುದು ಆಟಗಾರನ ಹುಟ್ಟುಹಬ್ಬದಂದು. ಚೆನ್ನಾಗಿ ತರಬೇತಿ ಪಡೆದ ಎಳೆಯನಿಗೆ ಅಂದು ಸಂಬಳ ಜಿಗಿಯಬಹುದು. ಹಾಕಿದ ಬಿಡ್ ಹಿಂದಕ್ಕೆ ಪಡೆಯಲು ಬರುವುದಿಲ್ಲ, ಹಾಗಾಗಿ ಹುಟ್ಟುಹಬ್ಬಕ್ಕೆ ಎಷ್ಟು ದಿನವಿದೆ, ಈಗಿನ ಸಂಬಳ ಎಷ್ಟು, ಹೆಸರಿನ ಪಕ್ಕ ಗಾಯದ ಗುರುತಿದೆಯೇ ಎಂದು ನೋಡಿಕೊಂಡೇ ಗುಂಡಿ ಒತ್ತಿ.